ತಲೆಕಡೆಯ ಹಗ್ಗ

ಒಂದನೇ ನಂಬರಿನ ಚೀಟಿಯನ್ನು ಕೋಟಿನ ಒಳಜೇಬಿಗೆ ತುರುಕಿಕೊಂಡು ಫಾರ್ಕರ್ ಉಳಿದ ಏಳನ್ನು ಚರ್ಚಿನ ಬಾಗಿಲಲ್ಲಿ ಹಂಚತೊಡಗಿದ. ಶವಪೆಟ್ಟಿಗೆಗೆ ಎಂಟು ಹಗ್ಗ. ಯಾರು ಯಾವುದನ್ನು ಹಿಡಿದು ಗುಂಡಿಗೆ ಇಳಿಸಬೇಕೆಂಬುದು ಚೀಟಿಯಲ್ಲಿರುತ್ತದೆ. ಒಂದನೆಯದು ತಲೆಕಡೆಯದು, ಸತ್ತವನಿಗೆ ಎಲ್ಲರಿಗಿಂತ ಹತ್ತಿರದವರದು.

ಅಣ್ಣ ಲಾಕ್ಲನ್ ಆಸ್ಪತ್ರೆಯಲ್ಲಿ ಕೊನೆಗೆ ಹೇಳಿದ್ದು ತಲೆಕಡೆಯ ಹಗ್ಗವನ್ನು ಮಗಳು ಮೊರ್ವೆನ್‌ಗೆ ಕೊಡಬೇಕೆಂದು. ಆಗ ಹಾಸಿಗೆಯ ಪಕ್ಕದಲ್ಲಿ ಇನ್ನೊಬ್ಬರಿರಲಿಲ್ಲ. ಫಾರ್ಕರ್ ಯಾರಿಗೂ ಹೇಳಲಿಲ್ಲ. ಈ ಕಣಿವೆಯಲ್ಲಿ ಹೆಂಗಸರು ಹಗ್ಗ ಹಿಡಿಯುವ ಪದ್ಧತಿಯಿಲ್ಲ ಎಂಬುದು ನೆಪ. ನಿಜ ಬೇರೆ. ಅಣ್ಣನ ಕೈ ಕೆಡಿಸಿದವಳು ಅವಳು.

ಸ್ಪೇ ನದಿಯಿಂದ ಎದ್ದ ಮಂಜು ಬೆಟ್ಟದ ಬುಡವನ್ನು ನುಂಗಿ, ಹಿಮದ ತುದಿಯನ್ನಷ್ಟೇ ಮೇಲೆ ತೇಲಿಬಿಟ್ಟಿತ್ತು. ಜನ ಅದರೊಳಗಿಂದ ಒಬ್ಬೊಬ್ಬರೇ, ಸದ್ದಿಲ್ಲದೆ, ಕನಸಿನಲ್ಲಿ ಬರುವವರಂತೆ ಮೂಡಿಬರುತ್ತಿದ್ದರು. ಲಾಕ್ಲನ್ ಮೂವತ್ತನಾಲ್ಕು ವರ್ಷ ರೈಲ್ವೆ ಸಿಗ್ನಲ್ ಕೋಣೆಯಲ್ಲಿ ಕುಳಿತು ಎದ್ದ ಮನುಷ್ಯ, ದೊಡ್ಡ ಹೆಸರೇನಿಲ್ಲ. ಆದರೂ ಚರ್ಚು ತುಂಬಿತು.

ಪೆಟ್ಟಿಗೆಯ ಉಸ್ತುವಾರಿಯ ಹ್ಯೂ ಒಂದನೆಯದು ಯಾರಿಗೆಂದು ಕೇಳಿದ.

"ನೋಡಣ. ನೀನು ನಿನ್ನ ಪೆಟ್ಟಿಗೆ ನೋಡ್ಕೊ."

* * *

ಈ ಊರಿನವರ ಕೈಗೆ ಮೊದಲು ಬರುವುದು ಶಿಂಟಿ ಆಟದ ಕೋಲು. ತುದಿ ಬಾಗಿದ ಆ ಕೋಲಿನಲ್ಲಿ ಓಡುತ್ತ ಚೆಂಡು ಬಾರಿಸಬೇಕು. ಎಡಗೈ ಕೆಳಗೆ, ಬಲಗೈ ಮೇಲೆ. ಕಾಲು ಸೋತ ಮೇಲೆ ಅದೇ ಕೈಗಳನ್ನು ಹೊತ್ತು ಗಾಲ್ಫಿಗೆ ಹೋಗುತ್ತಾರೆ. ಲಾಕ್ಲನ್ ಎರಡನ್ನೂ ಒಟ್ಟೊಟ್ಟಿಗೇ ಆಡಿದ. ಗಾಲ್ಫಿನ ಕೋಲನ್ನು ಅವನು ಹುಲ್ಲು ಕೊಯ್ಯುವವನಂತೆ ಬೀಸುತ್ತಿದ್ದ, ದಕ್ಷಿಣದಿಂದ ಬಂದವರು ಮುಸಿಮುಸಿ ನಗುತ್ತಿದ್ದರು. ಚೆಂಡು ಮಾತ್ರ ಗಾಳಿಯ ಹೊಟ್ಟೆಯಡಿ ಮೊಲದಂತೆ ನುಸುಳಿ ಕುಳಿಯ ಪಕ್ಕ ಹೋಗಿ ಕೂರುತ್ತಿತ್ತು.

ಮೊರ್ವೆನ್ ಕಡಲತೀರದ ಊರಿನಲ್ಲಿ ಗಾಲ್ಫ್ ಕಲಿಸುವ ಕೆಲಸ ಹಿಡಿದು ಮೊದಲ ರಜೆಗೆ ಬಂದಾಗ ಅಪ್ಪನ ಹಿಡಿತ ಬಿಡಿಸಿದಳು. ಎಡಗೈಯನ್ನು ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಜೋಡಿಸಿ ತೋರಿಸಿದಳು. ಅವನು ಹಾಗೇ ಹಿಡಿದ. ಅಂದಿನಿಂದ ಅವನ ಚೆಂಡುಗಳು ಮುಳ್ಳುಪೊದೆಗಳ ಪಾಲು. ಅದೂ ಹೋಗಲಿ ಎನ್ನೋಣ. ಹೊಸ ವರ್ಷದ ದಿನ ಪಕ್ಕದೂರಿನವರ ಎದುರಿನ ಶಿಂಟಿ ಪಂದ್ಯದಲ್ಲಿ, ಖಾಲಿ ಗೋಲಿನ ಮುಂದೆ, ಯಾವ ಕೈ ಮೇಲೆ ಯಾವುದು ಕೆಳಗೆ ಎಂದು ಅವನಿಗೆ ಒಂದು ಗಳಿಗೆ ಮರೆತುಹೋಯಿತು. ಕೋಲು ಬೀಸಿದ, ಚೆಂಡು ಕೂತಲ್ಲೇ ಕೂತಿತ್ತು. ಊರಿನ ತಂಡದ ನಾಯಕ ಫಾರ್ಕರ್. ಪಕ್ಕದೂರಿನವರು ಇಂದಿಗೂ ಆ ಜಾಗಕ್ಕೆ ಬಂದರೆ ಅಣಕಕ್ಕೆ ಟೋಪಿ ತೆಗೆದು ನಿಲ್ಲುತ್ತಾರೆ.

ಫಾರ್ಕರನಿಗೆ ಬಗೆಹರಿಯದ್ದು ಇನ್ನೊಂದಿತ್ತು. ಅದಾದ ಎಷ್ಟೋ ವರ್ಷಗಳ ಮೇಲೆ ಒಂದು ಬೆಳಿಗ್ಗೆ ಹೊಳೆಯಂಚಿನ ಹುಲ್ಲುಗಾವಲಿನಿಂದ ಟಕ್, ಟಕ್ ಎಂದು ಕೇಳಿತು. ಮೊಣಕಾಲುದ್ದದ ಮಂಜು, ಅದರ ಮೇಲೆ ಕಾಲಿಲ್ಲದ ಕುರಿಗಳು ತೇಲುತ್ತಿದ್ದವು. ನಡುವೆ ಅಣ್ಣ ಒಬ್ಬನೇ ನಿಂತು, ಹಳೆಯ ಹಿಡಿತದಲ್ಲಿ ಹನ್ನೆರಡು ಗಾಲ್ಫ್ ಚೆಂಡು ಬಾರಿಸಿದ. ಹನ್ನೆರಡೂ ಒಂದೇ ಕಡೆ ಬಿದ್ದಿದ್ದವು, ಅವನ್ನು ಆಯಲು ಅವನು ಆಚೀಚೆ ನಡೆದದ್ದು ಎರಡು ಹೆಜ್ಜೆಯಷ್ಟೆ. ಅದೇ ಮಧ್ಯಾಹ್ನ ಗಾಲ್ಫ್ ಮೈದಾನದಲ್ಲಿ ಹೊಸ ಹಿಡಿತ ಹಿಡಿದು ಮೊದಲ ಚೆಂಡನ್ನೇ ನೀರಿಗೆ ಹಾಕಿದ. ಫಾರ್ಕರ್ ಅವನನ್ನು ಬಾಯಿಗೆ ಬಂದಂತೆ ಬೈದ. ಅವನು ಸುಮ್ಮನೆ ನಕ್ಕ.

* * *

ಸ್ಮಶಾನದ ದಾರಿಯಲ್ಲಿ ಮೊರ್ವೆನ್ ಫಾರ್ಕರನ ಪಕ್ಕಕ್ಕೆ ಬಂದಳು.

"ಚಿಕ್ಕಪ್ಪ, ನಾನು ಹಿಂದೆ ನಿಂತ್ಕೋತೀನಿ. ನಿಮ್ಮ ಸಿಟ್ಟು ನಂಗೆ ಗೊತ್ತು."

"ಗೊತ್ತಿದ್ರೆ ಸರಿ. ಅವನ ಎರಡು ಆಟಾನೂ ಕೆಡಿಸ್ದೆ ನೀನು."

ಅವಳು ಇಲ್ಲವೆನ್ನಲಿಲ್ಲ. ಹಳೆಯ ಥರವೇ ಹಿಡಿದುಕೊ ಎಂದು ಆಮೇಲೆ ತಾನೇ ಎಷ್ಟು ಸಲ ಹೇಳಿದರೂ ಅಪ್ಪ ಕೇಳಲಿಲ್ಲವಂತೆ. ಹನ್ನೊಂದು ವರ್ಷ ಪ್ರತಿ ಭಾನುವಾರ ಫೋನು ಮಾಡುತ್ತಿದ್ದನಂತೆ.

"'ಇವತ್ತೂ ಚೆಂಡು ಬಲಕ್ಕೆ ಹೋಯ್ತು ಕಣೆ, ಹೆಬ್ಬೆರಳು ಎಲ್ಲಿಡ್ಬೇಕು ಹೇಳು' ಅನ್ನೋರು. ನಾನು ಮೊದಲಿಂದ ಹೇಳ್ಕೊಡ್ತಿದ್ದೆ. ಹೆಬ್ಬೆರಳಿಂದ ಶುರುವಾದ ಮಾತು ಎಲ್ಲೆಲ್ಲಿಗೋ ಹೋಗೋದು. ಮುಂದಿನ ಭಾನುವಾರ ಮತ್ತೆ ಹೆಬ್ಬೆರಳು. ಅಪ್ಪಂಗೆ ಹೊಸದು ಬರ್ಲೇ ಇಲ್ಲ ಚಿಕ್ಕಪ್ಪ, ಹಳೇದೂ ಹೋಯ್ತು."

ಫಾರ್ಕರ್ ನಡುದಾರಿಯಲ್ಲೇ ನಿಂತ. ಹಿಂದಿನವರು ಅವನನ್ನು ಬಳಸಿಕೊಂಡು ಮಂಜಿನೊಳಗೆ ಹೋದರು. ಹೇಗಿದ್ದೀಯ ಮಗಳೇ ಎಂದು ಕೇಳಲು ಫೋನು ಎತ್ತುವ ಗಂಡಸರ ಊರಲ್ಲ ಇದು. ಹೆಬ್ಬೆರಳು ಎಲ್ಲಿಡಬೇಕೆಂದಾದರೆ ಕೇಳಬಹುದು.

"ಹಳೇದು ಎಲ್ಲೂ ಹೋಗಿರ್ಲಿಲ್ಲ," ಎಂದ. "ಹೋದ ವರ್ಷ ನಾನೇ ಕಣ್ಣಾರೆ ನೋಡಿದೀನಿ. ಹನ್ನೆರಡಕ್ಕೆ ಹನ್ನೆರಡು."

ಅವಳು ಅವನ ಮುಖವನ್ನೇ ನೋಡಿದಳು.

ಫಾರ್ಕರ್ ಒಳಜೇಬಿಗೆ ಕೈ ಹಾಕಿ ಚೀಟಿಯನ್ನು ಅವಳ ಅಂಗೈಗೆ ಒತ್ತಿದ. "ನಾನು ಕೊಡ್ತಿರೋದಲ್ಲ, ಅವನೇ ಹೇಳಿದ್ದು. ಮುಚ್ಚಿಟ್ಟ ಕತ್ತೆ ನಾನು."

ಮೊರ್ವೆನ್ ತಲೆಕಡೆಗೆ ಬಂದು ನಿಂತಾಗ ಕೆಲವು ಹಳಬರು ಗಂಟಲು ಕೆರೆದರು. ಫಾರ್ಕರ್ ಅತ್ತ ಒಮ್ಮೆ ನೋಡಿದ, ಗಂಟಲುಗಳು ಸರಿಯಾದವು. ಎಂಟು ಜನ ಹಿಂದಕ್ಕೆ ವಾಲಿದರು. ಪೆಟ್ಟಿಗೆ ಬಿಳಿಯ ಮಂಜಿನೊಳಗೆ ನಿಧಾನ ಇಳಿದು, ಕಣ್ಣಿಗೆ ಕಾಣದ ಆಳದಲ್ಲಿ ನೆಲ ಮುಟ್ಟಿತು.

ಪೆಟ್ಟಿಗೆ ಕೂತ ಮೇಲೆ ಹಗ್ಗವನ್ನು ಗುಂಡಿಯೊಳಕ್ಕೆ ಬಿಡಬೇಕು. ಒಂದೊಂದಾಗಿ ಏಳು ಹಗ್ಗ ಬಿದ್ದವು. ಉಳಿದ ಒಂದು, ತಲೆಕಡೆಯದು, ಸಡಿಲವಾಗಿ ಜೋತಾಡುತ್ತಿತ್ತು. ಮೊರ್ವೆನ್ ಅದನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು. ಅದನ್ನು ಬಿಡಿಸಲು ಹ್ಯೂ ಮುಂದೆ ಹೆಜ್ಜೆಯಿಟ್ಟ. ಬಾಳಿನಲ್ಲಿ ಯಾವುದಕ್ಕೂ ಕಾದು ಗೊತ್ತಿಲ್ಲದ ಫಾರ್ಕರ್ ಅವನ ತೋಳು ಹಿಡಿದು ನಿಲ್ಲಿಸಿದ. ಟೋಪಿ ಕೈಯಲ್ಲಿ ಹಿಡಿದ ಜನರೆಲ್ಲ ಮಂಜಿನಲ್ಲಿ ಹಾಗೇ ನಿಂತರು.