ನಾಲಿಗೆಯ ಕೆಳಗಿನ ಧೂಳು

ಯಲ್ಲದಕೆರೆ ಕಡೆಯ ಆ ಹಟ್ಟಿಯಲ್ಲಿ ದೇವರ ಕಥೆ ಹಾಡುವುದೆಂದರೆ ಕಾಟಲಿಂಗಪ್ಪನೇ. ಅಪ್ಪನ ಹಿಂದೆ ಕುರಿ ಕಾಯುತ್ತ ಕಿವಿಗೆ ಬಿದ್ದ ಹಾಡು. ಅರವತ್ತು ದಾಟಿದರೂ ಒಂದು ಸೊಲ್ಲು ಮರೆತಿರಲಿಲ್ಲ. ಸೋಮವಾರ ಸಂಜೆ ಗುಡಿಯ ಪೆಟ್ಟಿಗೆ ತೆಗೆದು, ತಲೆಮಾರುಗಳಿಂದ ಬಂದ ಕರಿ ಕಂಬಳಿ ಹಾಸಿ ಗದ್ದುಗೆ ಮಾಡುವರು. ಅದರ ಅಂಚಿಗೆ ಮೊಣಕಾಲು ತಾಗುವಂತೆ ಕುಳಿತೇ ಹಾಡಬೇಕು.

ಈಚೆಗೆ ಆ ಕಂಬಳಿಯೇ ಅವನ ಉಸಿರಿಗೆ ಅಡ್ಡ ನಿಂತಿತ್ತು. ಮಡಿಕೆ ಬಿಚ್ಚಿದರೆ ಸಾಕು, ಸೀನು. ಸೀನಿನ ಹಿಂದೆಯೇ ಕೆಮ್ಮು. ಆಮೇಲೆ ಎದೆಯೊಳಗೆ ಬೆಕ್ಕು ಕೂತಂತೆ ಗೊರಗೊರ ಸದ್ದು. ದೇವರು ಹುಟ್ಟುವ ಭಾಗಕ್ಕೆ ಬರುವಷ್ಟರಲ್ಲಿ ದನಿ ಕಟ್ಟಿ, ಪಕ್ಕದಲ್ಲಿ ದನಿಗೂಡಿಸುವ ಬೋರಯ್ಯ ಮುಂದುವರಿಸಬೇಕಾಗುತ್ತಿತ್ತು. ಬೋರಯ್ಯನಿಗೆ ಅರ್ಧ ಕಥೆಯೂ ಬಾರದು. ದೇವರಿಗೇ ತಾನು ಬೇಡವಾಗಿದ್ದೇನೆ ಎಂದು ಕಾಟಲಿಂಗಪ್ಪ ಒಳಗೊಳಗೇ ನಂಬಿಬಿಟ್ಟಿದ್ದ. ಹೆಂಡತಿ ಓಬವ್ವನಿಗೂ ಹೇಳಿರಲಿಲ್ಲ.

ಸೊಸೆ ಲತಾ ಬಿಡದೆ ದುರ್ಗದ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿಯ ಡಾಕ್ಟರಮ್ಮ ಅವನ ಮುಂಗೈ ಮೇಲೆ ಸಾಲಾಗಿ ಹನಿಗಳನ್ನಿಟ್ಟು ಸೂಜಿ ತಾಗಿಸಿದರು. ಒಂದು ಹನಿಯ ಜಾಗ ಮಾತ್ರ ಸೊಳ್ಳೆ ಕಡಿದ ಹಾಗೆ ಉಬ್ಬಿತು.

"ಉಣ್ಣೆಯಿಂದ ಅಲ್ಲ. ಮಡಿಸಿಟ್ಟ ಹಳೇ ಕಂಬಳಿ ಧೂಳಲ್ಲಿ ಕಣ್ಣಿಗೆ ಕಾಣದ ಹುಳ ಇರ್ತವೆ. ಆ ಧೂಳು ನಿಮಗೆ ಆಗಲ್ಲ. ಕಂಬಳಿನ ಆಗಾಗ ಬಿಸಿಲಿಗೆ ಹಾಕಿ. ಉಸಿರಿಗೆ ಸೇದೋ ಪಂಪು ಬಿಡಬೇಡಿ. ಜೊತೆಗೆ ಈ ಹನಿ. ಇದನ್ನ ಮಾಡೋದೂ ಆ ಹುಳದಿಂದಲೇ."

"ಅದೇ ಧೂಳಾ?"

"ಅದೇ ಅನ್ನಿ. ಮೂಗಲ್ಲಿ ಹೋದ್ರೆ ಕಳ್ಳ ಬಂದ ಅಂತ ಮೈ ಗಾಬರಿ ಬೀಳುತ್ತೆ. ಬಾಯಿಗೆ ಬಂದದ್ದನ್ನ ಅರಗಿಸ್ಕೊಳ್ಳೋದು ಅದಕ್ಕೆ ರೂಢಿ. ದಿನಾ ಒಂಚೂರು ನಾಲಿಗೆ ಕೆಳಗೆ ಇಟ್ಟರೆ, ಇದು ನಮ್ಮದೇ ಅಂತ ನಿಧಾನಕ್ಕೆ ಕಲೀಬಹುದು. ಎಲ್ಲರಿಗೂ ಒಂದೇ ಥರ ಒಗ್ಗಲ್ಲ. ನೋಡೋಣ."

ಮೊದಲ ಹನಿಯನ್ನು ಅವರೇ ಹಾಕಿ, ಸ್ವಲ್ಪ ಹೊತ್ತು ಕೂರಿಸಿಕೊಂಡು, ಮನೆಯಲ್ಲಿ ಮಾಡಬೇಕಾದ್ದನ್ನೆಲ್ಲ ವಿವರಿಸಿದರು. ಕಾಟಲಿಂಗಪ್ಪನಿಗೆ ಒಂದೂ ಕೇಳಿಸಲಿಲ್ಲ. ದೇವರ ಕಂಬಳಿಯ ಧೂಳು ಒಂದು ಸೀಸೆಯೊಳಗೆ ನೀರಾಗಿ ನಿಂತಿದೆ. ಉಸಿರು ಕಿತ್ತುಕೊಂಡದ್ದೇ ಉಸಿರು ಕೊಡಲು ಬರುತ್ತಿದೆ. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಅವನು ಆ ಸೀಸೆಯನ್ನು ಕೈಯಿಂದ ಮಡಿಲಿಗೂ ಇಳಿಸಲಿಲ್ಲ.

ಬೆಳಿಗ್ಗೆ ಮಿಂದು, ದೇವರ ಗೂಡಿನ ಮುಂದೆ ಒಬ್ಬನೇ ಕೂತು ಹನಿ ತೆಗೆದುಕೊಳ್ಳುವುದು ರೂಢಿಯಾಯಿತು. ತಿಂಗಳುಗಳು ಕಳೆದವು. ಗೊರಗೊರ ಮಾತ್ರ ಇದ್ದ ಹಾಗೇ ಇತ್ತು.

ಮತ್ತೆ ಹೋದಾಗ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಹೇಗೆ ತಗೊಳ್ತೀರಿ, ತೋರಿಸಿ."

ಕಾಟಲಿಂಗಪ್ಪ ಚಪ್ಪಲಿ ಬಿಟ್ಟು ಎದ್ದು ನಿಂತ. ಎಡಗೈ ಮೇಲೆ ಬಲಗೈ ಬಟ್ಟಲು ಮಾಡಿ, ಹನಿ ಬಿಟ್ಟುಕೊಂಡು, ಕಣ್ಣು ಮುಚ್ಚಿ ಸುರ್ರೆಂದು ಹೀರಿ ನುಂಗಿದ. ಒದ್ದೆ ಅಂಗೈಯನ್ನು ನೆತ್ತಿಗೆ ಸವರಿಕೊಂಡ.

ಲತಾ ಸೆರಗು ಬಾಯಿಗೆ ಒತ್ತಿಕೊಂಡಳು. "ಅದಕ್ಕೇ ಮಾವ, ಕೂದ್ಲಿಗೆ ಮಾತ್ರ ಗುಣ ಆಗೈತೆ."

"ಮತ್ತೆ ಹೆಂಗ್ ತಗಾಬೇಕವ್ವ? ದೇವ್ರ ಕಂಬ್ಳಿದು. ತೀರ್ಥ ಅಲ್ವಾ?"

ಡಾಕ್ಟರಮ್ಮ ನಗಲಿಲ್ಲ. "ತೀರ್ಥಾನೇ ಅನ್ಕೊಳ್ಳಿ. ಆದ್ರೆ ಕೈಗೆ ಬೇಡ. ನೇರ ನಾಲಿಗೆ ಕೆಳಗೆ. ಎರಡು ನಿಮಿಷ ನುಂಗಬಾರದು, ಮಾತಾಡಬಾರದು. ಅಲ್ಲಿ ಇದ್ದಷ್ಟು ಹೊತ್ತೇ ಅದು ಮೈಗೆ ಪಾಠ ಹೇಳೋದು."

ಸುದ್ದಿ ಕೇಳಿ ಓಬವ್ವ ಒಲೆ ಮುಂದಿನಿಂದಲೇ ಅಂದಳು, "ಈ ಯಪ್ಪ ಎರಡು ನಿಮಿಷ ಬಾಯಿ ಮುಚ್ಕಂಡಿದ್ರೆ ನಾನೂ ಒಂದು ಹರಕೆ ಒಪ್ಪಿಸ್ತೀನಿ."

ಗಡಿಯಾರ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಹನಿ ನಾಲಿಗೆಯ ಕೆಳಗಿಟ್ಟು, ದೇವರು ಹುಟ್ಟುವ ಭಾಗವನ್ನು ಮನಸ್ಸಿನಲ್ಲೇ ಹಾಡತೊಡಗಿದ. ಲತಾ ಮೊಬೈಲಿನಲ್ಲಿ ಹೊತ್ತು ಹಿಡಿದು ನೋಡಿ, ಎರಡು ನಿಮಿಷಕ್ಕೆ ಸರಿಹೋಗುತ್ತದೆ ಎಂದಳು. ಬಾಯಿಯ ತಳ ಸಣ್ಣಗೆ ನವೆಯಾಗುತ್ತಿತ್ತು. ತುಟಿ ಅಲುಗುತ್ತಿರಲಿಲ್ಲ, ಹಾಡು ಮಾತ್ರ ಒಳಗೆ ನಡೆದೇ ಇತ್ತು. ಒಂದು ಬೆಳಿಗ್ಗೆ ಅವನು ಆ ಹಾಡಿಗೆ ಕಿವಿಗೊಟ್ಟ. ಹಾಡುತ್ತಿರುವುದು ತನ್ನ ದನಿಯಲ್ಲ, ಅಪ್ಪನದು. ಇಷ್ಟು ವರ್ಷ ತಾನು ಹಾಡುತ್ತಲೇ ಇದ್ದ, ಕೇಳಿಸಿಕೊಂಡೇ ಇರಲಿಲ್ಲ. ನಾಲಿಗೆಯನ್ನು ಧೂಳು ಕಟ್ಟಿಹಾಕಿದ ಮೇಲೆ ಕಿವಿ ತೆರೆದಿತ್ತು.

ಒಂದು ಮಳೆಗಾಲ ಕಳೆದು ಇನ್ನೊಂದು ಬಂತು. ಕಂಬಳಿ ಆಗಾಗ ಬಿಸಿಲು ಕಂಡಿತು. ಪಂಪು ಕೈಗೆತ್ತಿಕೊಳ್ಳುವುದು ಕಡಿಮೆಯಾಯಿತು. ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಕೇಳಿ, "ಹಾಡೋಕೆ ಕೂತು ನೋಡಿ, ಪಂಪು ಹತ್ತಿರ ಇರಲಿ" ಎಂದರು.

ಆ ಸೋಮವಾರ ಪೆಟ್ಟಿಗೆ ತೆಗೆದು ಕಂಬಳಿ ಬಿಚ್ಚಿದರು. ಬಾಗಿಲಿಂದ ಬಿದ್ದ ಇಳಿಬಿಸಿಲಿನಲ್ಲಿ ಧೂಳು ಎದ್ದು ತೇಲಿತು. ಎಲ್ಲರೂ ಕಾಟಲಿಂಗಪ್ಪನ ಮುಖ ನೋಡಿದರು. ಅವನು ಮುಖ ತಿರುಗಿಸಲಿಲ್ಲ. ಒಂದು ಸೀನು ಬಂತು, ಹೋಯಿತು. ಮೊಣಕಾಲು ಅಂಚಿಗೆ ತಾಗಿಸಿ ಸೊಲ್ಲು ಎತ್ತಿದ.

ದೇವರು ಹುಟ್ಟುವ ಭಾಗ ಬಂತು. ಬೋರಯ್ಯ ಸೊಲ್ಲು ಹಿಡಿದುಕೊಳ್ಳಲು ಮುಂದೆ ಬಾಗಿದ. ಹಿಡಿದುಕೊಳ್ಳಲು ಏನೂ ಉಳಿಯದಂತೆ ಆ ಉಸಿರು ಉದ್ದಕ್ಕೂ ಹರಿದು, ದೇವರು ಹುಟ್ಟಿದ. ಅಲ್ಲಿಗೆ ಕಾಟಲಿಂಗಪ್ಪ ತಟ್ಟನೆ ನಿಂತುಬಿಟ್ಟ.

ಓಬವ್ವ ಗಾಬರಿಯಿಂದ ಮಡಿಲಿನ ಪಂಪಿಗೆ ಕೈ ಹಾಕಿದಳು. "ದಮ್ಮು ಹತ್ತಿಕಂತಾ?"

ಅವನು ಅಂಗೈ ಎತ್ತಿ ತಡೆದ. ಕಣ್ಣು ಒದ್ದೆಯಾಗಿತ್ತು, ಎದೆ ಶಾಂತವಾಗಿ ಏರಿ ಇಳಿಯುತ್ತಿತ್ತು.

"ತಡಿಯೇ. ಕೇಳಿಸ್ಕಳ್ತಿದ್ದೀನಿ."

ಆಮೇಲೆ ಮುಂದಿನ ಸೊಲ್ಲಿಗೆ ಉಸಿರು ತೆಗೆದುಕೊಂಡ. ಕಂಬಳಿಯ ಧೂಳೂ ಆ ಉಸಿರಿನೊಂದಿಗೆ ಒಳಗೆ ಹೋಯಿತು.