ಬಗ್ಗಿದಳು ಅಂತ ಬರ್ಕೋ

“ಮೊದಲೇ ಸೊಂಟ ಬಿದ್ದೋಗಿತ್ತಲ್ಲೇ ನಿಂದು? ಈಗ ಕಾರಿನವರ ತಲೆಗೆ ಕಟ್ತೀಯಾ, ಮುಂಡೇದೆ!”

ವಿಮಾ ಕಂಪನಿಯ ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಕ್ಕ. ರಸ್ತೆ ಗುಡಿಸುವವಳು ಗೋಡೆ ಹಿಡಿದು ನಿಂತಿದ್ದಳು. ಕೂತುಕೋ ಎಂದು ಯಾರೂ ಹೇಳಿರಲಿಲ್ಲ.

“ನೋವಿತ್ತು ಸಾರ್, ಇಲ್ಲ ಅನ್ನಲ್ಲ. ಗುಡಿಸೋರಲ್ಲಿ ಯಾರಿಗಿಲ್ಲ ಹೇಳಿ? ಆದ್ರೂ ದಿನಾ ಕೆಲಸಕ್ಕೆ ಹೋಗ್ತಿದ್ದೆ. ಕಾರು ಗುದ್ದಿದ ಮೇಲೆ ಎಡಗಾಲು ನಂದಲ್ಲ ಅನ್ನೋ ಹಂಗಾಗಿದೆ.”

“ಎಲ್ಲರದ್ದೂ ಇದೇ ಪುರಾಣ.”

ಅವಳು ಜೀವ ಕೈಯಲ್ಲಿ ಹಿಡಿದು ಬಂದಿದ್ದಳು. ಪರಿಹಾರ ಸಿಕ್ಕರೆ ಆಪರೇಷನ್, ಇಲ್ಲದಿದ್ದರೆ ಇಲ್ಲ. ದೊಡ್ಡಾಸ್ಪತ್ರೆಯವರು ಆಗಲೇ ಹೆದರಿಸಿದ್ದರು: ಗೊತ್ತಾಗದೆ ಉಚ್ಚೆ ಹೋದ ದಿನ ಕಾಲಿನ ಆಸೆ ಬಿಟ್ಟುಬಿಡು ಎಂದು. ಅಂದಿನಿಂದ ಗಳಿಗೆಗೊಮ್ಮೆ ಬಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಹೊರಗೆ ಕೂತ ತಂಗಿ ಒಂದೇ ಮಾತು ಹೇಳಿ ಕಳಿಸಿದ್ದಳು: “ಅಕ್ಕಾ, ಒಳಗೆ ಬಗ್ಗಿದ್ಯೋ, ಕೆಟ್ಟೆ. ಸೊಂಟ ನೆಟ್ಟಗಿದೆ ಅಂತ ಬರ್ಕೋತಾರೆ.”

ಡಾಕ್ಟರ್ ಕಾಗದವೊಂದನ್ನು ಮುದುರಿ ಬುಟ್ಟಿಯತ್ತ ಎಸೆದ. ಅದು ಅವಳ ಕಾಲ ಬಳಿ ಬಿತ್ತು. ಹುಟ್ಟುಗುಣ ಸುಟ್ಟರೂ ಹೋಗದಂತೆ; ಇದು ಹೊಟ್ಟೆಪಾಡು ಕಲಿಸಿದ ಗುಣ, ಅದಕ್ಕಿಂತ ಗಟ್ಟಿ. ಸಾಹೇಬರ ಕಣ್ಣೆದುರು ಕಸ ಬಿದ್ದರೆ ಅವಳ ಕೈ ಅವಳ ಮಾತೇ ಕೇಳುತ್ತಿರಲಿಲ್ಲ. ಬಗ್ಗಿದಳು.

ಬೆನ್ನಿನಲ್ಲಿ ಚಳುಕು ಹೊಡೆಯಿತು. ಮೊಣಕಾಲೂರಿ, ಎರಡೂ ಕೈ ನೆಲಕ್ಕೆ ಕೊಟ್ಟು ಹಾಗೇ ಉಳಿದುಬಿಟ್ಟಳು.

“ಬಗ್ಗಿದಳು ಅಂತ ಬರ್ಕೋ,” ಡಾಕ್ಟರ್ ಪಕ್ಕದಲ್ಲಿ ವರದಿ ಬರೆಯುತ್ತಿದ್ದ ಗುಮಾಸ್ತನಿಗೆ ಹೇಳಿದ. “ಆಯ್ತು, ಏಳೇ. ನಾಟಕ ಸಾಕು.”

ಏಳಲು ನೋಡಿದಳು. ಕಾಲಿಗೆ ಸುದ್ದಿಯೇ ಮುಟ್ಟಲಿಲ್ಲ. ಕಿರುಚಿದ್ದು ಕೇಳಿ ತಂಗಿ ಓಡಿಬಂದಳು. ಬಂದವಳು ನೆಲ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. ಅಕ್ಕನೂ ತಲೆ ತಗ್ಗಿಸಿ ನೋಡಿದಳು. ಮೊಣಕಾಲ ಸುತ್ತ ಒದ್ದೆ ಹರಡುತ್ತಿತ್ತು. ಹೋದದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

“ಥೂ, ಗಲೀಜು ಮುಂಡೇವಾ! ಒರೆಸ್ರೇ ಅದನ್ನ!”

ತಂಗಿ ಹೆಗಲ ಮೇಲಿನ ಬಟ್ಟೆ ತೆಗೆದು ಬಗ್ಗಿದಳು. ಅಕ್ಕ ಅವಳ ಮಣಿಕಟ್ಟು ಹಿಡಿದಳು.

“ಒರೆಸಿದ್ರೆ ನನ್ನಾಣೆ. ಬಗ್ಗಿದ್ದು ಬರ್ಕೊಂಡ್ರಲ್ಲ ಸಾರ್? ಇದನ್ನೂ ಬರ್ಕೊಳ್ಳಿ. ಬರೆಯೋವರೆಗೂ ಇದು ಇಲ್ಲೇ ಇರುತ್ತೆ, ನಾನೂ ಇಲ್ಲೇ ಇರ್ತೀನಿ.”

ಗುಮಾಸ್ತ ಪೆನ್ನು ಹಿಡಿದು ಡಾಕ್ಟರನ ಮುಖ ನೋಡಿದ. ಒದ್ದೆ ನಿಧಾನವಾಗಿ ಮೇಜಿನ ಕಡೆ ಹರಿಯಿತು. ಡಾಕ್ಟರ್ ಬೂಟುಗಾಲು ಹಿಂದಕ್ಕೆಳೆದುಕೊಂಡ.