ನಾಯಿ ದೋಣಿಗೆ ಹಾರುವಾಗ

ಟೊಲೀಡೊ ಊರಿನ ಡ್ವೇನ್ ನೊವಾಕ್‌ನ ಹೊಟ್ಟೆಪಾಡು ನಡೆಯುತ್ತಿದ್ದುದು ಕೆಟ್ಟ ಸುದ್ದಿಯನ್ನು ಇಂಪಾಗಿ ಹೇಳುವುದರಿಂದ. ಟಿವಿಯಲ್ಲಿ ಮಾತ್ರೆಯ ಗುಣ ಹೊಗಳಿದವರು ಅದರ ಅಡ್ಡಪರಿಣಾಮಗಳನ್ನೂ ಹೇಳಲೇಬೇಕೆಂಬುದು ಅಲ್ಲಿಯ ಕಾನೂನು. ಆ ಭಾಗ ಡ್ವೇನನ ಪಾಲಿನದು. ಪಾರ್ಶ್ವವಾಯು, ರಕ್ತಸ್ರಾವ, ಸಾವು ಎಲ್ಲವನ್ನೂ ಅವನು ಮುಗುಳ್ನಗುತ್ತ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಓದಿಬಿಡುತ್ತಿದ್ದ. ಕೇಳಿದವರು ಬೆಚ್ಚಿದರೆ ಕೆಲಸ ಕೆಟ್ಟಿತೆಂದೇ ಅರ್ಥ. ಈವರೆಗೆ ಯಾರೂ ಬೆಚ್ಚಿರಲಿಲ್ಲ.

ಅವನಿಗಿಂತ ಹೆಚ್ಚಿನ ಜಂಬ ಅವನ ತಾಯಿ ಲೊರೇನಳಿಗೆ. ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಕರಿದ ಮೀನು ತಿನ್ನಲು ಸೇರುವರು. ಮೀನು ಮಾಂಸದ ಲೆಕ್ಕಕ್ಕಿಲ್ಲ, ಉಪವಾಸವೆಂದರೆ ಮಾಂಸಕ್ಕೆ ಮಾತ್ರ, ಹೊಟ್ಟೆಗಲ್ಲ. ಮೂಲೆಯ ಟಿವಿಯಲ್ಲಿ ಮಂಡಿನೋವಿನ ಮೊವೆಲ್ಡಾ ಮಾತ್ರೆಯ ಜಾಹೀರಾತು ಬಂದರೆ ಸಾಕು, ಲೊರೇನ್ ಚಮಚದಿಂದ ಲೋಟ ಬಡಿದು ಎಲ್ಲರ ಬಾಯಿ ಮುಚ್ಚಿಸುತ್ತಿದ್ದಳು. ಪರದೆಯ ಮೇಲೆ ಬಿಳಿಗೂದಲ ಹೆಂಗಸೊಬ್ಬಳು ದೋಣಿ ನಡೆಸುವಳು, ದಡದಿಂದ ಕಂದು ನಾಯಿಯೊಂದು ದೋಣಿಗೆ ಹಾರುವುದು, ಹಿಂದೆ ಡ್ವೇನನ ದನಿ ಹರಿಯುವುದು. ಆ ನಾಯಿಗೆ ಹೆಂಗಸರೆಲ್ಲ ಸೇರಿ ಬಿಸ್ಕಿಟ್ ಎಂದು ಹೆಸರನ್ನೂ ಇಟ್ಟಿದ್ದರು.

ಒಂದು ಭಾನುವಾರ ತಾಯಿಯ ಮನೆಗೆ ಹೋದ ಡ್ವೇನ್, ಪಾತ್ರೆ ತೊಳೆಯಲು ಆಕೆ ಅಂಗಿಯ ತೋಳು ಮಡಚಿದಾಗ ಮೊಣಕೈವರೆಗೂ ನೀಲಿಗಟ್ಟಿದ ಕಲೆಗಳನ್ನು ಕಂಡ. ಎಲ್ಲಿ ಬಿದ್ದೆ ಎಂದು ಕೇಳಿದರೆ, ಎಲ್ಲೂ ಬಿದ್ದಿಲ್ಲ, ಈಗೀಗ ಮುಟ್ಟಿದರೂ ಹೀಗಾಗುತ್ತದೆ ಎಂದಳು. ಮಂಡಿ ಮಾತ್ರ ಹೂವಿನಂತೆ ಹಗುರಾಗಿದೆಯಂತೆ. ಫೋನಿನಲ್ಲೇ ಸಿಗುವ ಡಾಕ್ಟರೊಬ್ಬನಿಗೆ ಜಾಹೀರಾತಿನ ಹೆಸರು ಹೇಳಿ ಮೊವೆಲ್ಡಾ ತರಿಸಿಕೊಂಡಿದ್ದಳು.

ತಾಯಿ ಹೃದಯಕ್ಕೆಂದು ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತ ಬಂದು ವರ್ಷಗಳೇ ಆಗಿದ್ದವು.

"ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಇದನ್ನ ತಗೋಬಾರ್ದು ಅಂತ ನಾನೇ ಹೇಳಿದೀನಲ್ಲಮ್ಮ, ಅದರಲ್ಲೇ."

"ಯಾವಾಗ ಹೇಳ್ದೆ?"

"ನಾಯಿ ದೋಣಿಗೆ ಹಾರುವಾಗ."

"ಓ, ಆಗ ನಾನು ನಾಯಿ ನೋಡ್ತಿದ್ದೆ ಕಣೋ." ಆಮೇಲೆ ತುಸು ನಾಚಿ ಹೇಳಿದಳು: "ನಿನ್ನ ದನಿ ಕೇಳ್ತಿದ್ದೆ. ಏನು ಹೇಳ್ತಿದೀಯ ಅಂತ ಯಾರು ಕೇಳ್ತಾರೆ? ನನ್ನ ಮಗ ಹೇಳ್ತಿದಾನೆ ಅಂದ್ರೆ ಒಳ್ಳೇದೇ ಇರುತ್ತೆ."

ಮಗ ತೋಡಿದ ಹಳ್ಳಕ್ಕೆ ತಾಯಿ ಬಿದ್ದಿದ್ದಳು. ಆ ಕ್ಷಣದಲ್ಲಿ ಡ್ವೇನನಿಗೆ ತನ್ನ ಗಂಟಲಿನ ಮೇಲೇ ಅಸಹ್ಯವಾಯಿತು. ತಕ್ಷಣ ಆಸ್ಪತ್ರೆಗೆ ಕರೆದೊಯ್ದ. ಒಳಗೆಲ್ಲೂ ರಕ್ತ ಸೋರಿಲ್ಲ, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಮೊವೆಲ್ಡಾ ಕಸದ ಬುಟ್ಟಿ ಸೇರಿತು. ಲೊರೇನ್ ಮತ್ತೆ ಮಂಡಿ ಹಿಡಿದುಕೊಂಡು ಗೊಣಗುತ್ತ ಏಳತೊಡಗಿದಳು, ಆ ಗೊಣಗಾಟ ಡ್ವೇನನ ಕಿವಿಗೆ ಹಿತವಾಗಿತ್ತು.

ಮುಂದಿನ ಶುಕ್ರವಾರ ಮೀನಿನೂಟದಲ್ಲಿ ಮತ್ತೆ ದೋಣಿ ಬಂತು. ಲೊರೇನ್ ಲೋಟ ಬಡಿದು, ಇವತ್ತು ಯಾರೂ ಬಿಸ್ಕಿಟ್‌ನ ಮುಖ ನೋಡಕೂಡದು, ಕಣ್ಣು ಮುಚ್ಚಿ ನನ್ನ ಮಗ ಏನು ಹೇಳುತ್ತಾನೆಂದು ಕೇಳಿ ಎಂದು ಅಪ್ಪಣೆ ಕೊಡಿಸಿದಳು. ಹೆಂಗಸರು ವಿಧೇಯರಾಗಿ ಕಣ್ಣು ಮುಚ್ಚಿದರು. ದನಿ ಹರಿಯಿತು. ಅವರ ಮುಖಗಳು ಜೋಗುಳ ಕೇಳುವ ಕೂಸುಗಳಂತೆ ಅರಳುವುದನ್ನು ಡ್ವೇನ್ ನೋಡುತ್ತಲೇ ಇದ್ದ.

"ಎಂಥ ದನಿ ಲೊರೇನ್," ಎಂದಳು ಪಕ್ಕದಲ್ಲಿದ್ದ ಬರ್ನಿಸ್. ಅವಳೂ ಹೃದಯದ ರೋಗಿಯೇ. "ನಂಗೂ ಈ ಮಾತ್ರೆ ಕೊಡಿ ಅಂತ ನಾಳೆನೇ ನನ್ನ ಡಾಕ್ಟರ್‌ನ ಕೇಳ್ಬೇಕು."

ಡ್ವೇನ್ ಎದ್ದು ಟಿವಿ ಆರಿಸಿದ. ಮೀನಿನ ತಟ್ಟೆಗಳ ನಡುವೆ ನಿಂತು, ಅದೇ ಮಾತುಗಳನ್ನು ನಗು ಬೆರೆಸದೆ, ಒಂದೊಂದಾಗಿ, ಒರಟಾಗಿ ಹೇಳಿದ. ಸಾವು ಎಂಬಲ್ಲಿ ನಿಂತು ಉಸಿರೆಳೆದುಕೊಂಡ. ಬರ್ನಿಸಳ ಕೈಯಲ್ಲಿದ್ದ ಮೀನಿನ ತುಂಡು ತಟ್ಟೆಗೆ ಇಳಿಯಿತು.

"ಅಯ್ಯೋ, ಇಷ್ಟು ಕೆಟ್ಟದಾಗಿ ಓದಿದ್ರೆ ನಿಂಗೆ ಯಾರು ಕೆಲಸ ಕೊಡ್ತಾರಪ್ಪ?" ಎಂದಳು ಅವಳು.

"ಯಾರೂ ಕೊಡಲ್ಲ," ಎಂದಳು ಲೊರೇನ್, ದೊಡ್ಡ ತುಂಡೊಂದನ್ನು ಆರಿಸಿ ಮಗನ ತಟ್ಟೆಗೆ ಹಾಕುತ್ತ. "ಇನ್ನೊಂದ್ಸಲ ಓದು ಮಗನೇ, ಹಿಂದೆ ಕೂತಿರೋರಿಗೂ ಕೇಳಿಸ್ಲಿ."